ಚೆಕ್ ಮಾಡದ ಹಳೆಯ ಕಂಪ್ಯೂಟರು, ನಡೆಯುವ ಯಂತ್ರದ ಬೆಲೆ: ಕೌಲ್‌ಬಜಾರಿನ ಒಂದು ಅಂಗಡಿ

ಬಳ್ಳಾರಿಯ ಕೌಲ್‌ಬಜಾರ್ ಭಾಗದಲ್ಲಿ ಹಳೆಯ ಎಲೆಕ್ಟ್ರಾನಿಕ್ ಸಾಮಾನು ಕೊಂಡು ಮಾರುವ ಅಂಗಡಿಯೊಂದಿದೆ. ಬ್ಯಾಂಕುಗಳು, ಗಣಿ ಕಂಪನಿಗಳ ಕಚೇರಿಗಳು, ಮುಚ್ಚಿಹೋದ ಕಂಪ್ಯೂಟರ್ ತರಬೇತಿ ಕೇಂದ್ರಗಳು ಹರಾಜು ಹಾಕಿದ ಯಂತ್ರಗಳು ಇಲ್ಲಿಗೆ ಬಂದು ಸೇರುತ್ತವೆ. 386, 486 ಮತ್ತು ಮೊದಲ ತಲೆಮಾರಿನ ಪೆಂಟಿಯಂ ಪ್ರೊಸೆಸರ್ ಇರುವ, 1980–90ರ ದಶಕಗಳ ಯಂತ್ರಗಳನ್ನು ಹುಡುಕಿಕೊಂಡು ರಾಯಚೂರು, ಕೊಪ್ಪಳ, ಹೊಸಪೇಟೆಗಳಿಂದಲೂ ಆಸಕ್ತರು ಬರುತ್ತಾರೆ. ಈ ಭಾಗದಲ್ಲಿ ಇಷ್ಟು ದೊಡ್ಡ ಸಂಗ್ರಹವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆಲವು ವರ್ಷಗಳಿಂದ ಇಲ್ಲಿನ ಗ್ರಾಹಕನಾಗಿರುವ ನನಗೆ ಅಂಗಡಿಯ ಮೇಲೆ ಅಭಿಮಾನವಿದೆ. ಆದರೆ ಈಚೆಗೆ ಅಲ್ಲಿ ಬೇರೂರುತ್ತಿರುವ ಒಂದು ಪದ್ಧತಿಯನ್ನು ಒಪ್ಪಲಾರೆ. ಯಂತ್ರಕ್ಕೆ ಕರೆಂಟು ಕೊಟ್ಟು ನೋಡಿರುವುದಿಲ್ಲ, ಕೇಳುವ ಬೆಲೆ ಮಾತ್ರ ನಡೆಯುವ ಯಂತ್ರದ್ದು.

“ಚೆಕ್ ಮಾಡಿಲ್ಲ ಸರ್, ಹೆಂಗೈತೋ ಹಂಗ ತಗೊಳ್ರಿ” ಎನ್ನುವುದು ಮಾಲೀಕರ ಸಿದ್ಧ ಉತ್ತರ. ಹಿಂದೆ 1,500 ರೂಪಾಯಿಗೆ ಕೊಡುತ್ತಿದ್ದ 486 ಯಂತ್ರಕ್ಕೆ ಈಗ 9,000 ಹೇಳುತ್ತಾರೆ. ಬೆಲೆ ಏರಿದ್ದಕ್ಕೆ ನ್ಯಾಯವಾದ ಕಾರಣಗಳೂ ಇವೆ. ಈ ಯಂತ್ರಗಳು ಮತ್ತೆ ತಯಾರಾಗುವುದಿಲ್ಲ, ಇರುವವು ವರ್ಷದಿಂದ ವರ್ಷಕ್ಕೆ ಗುಜರಿಗೆ ಹೋಗುತ್ತಿವೆ. ಆ ಕಾಲದ ಸೆರಾಮಿಕ್ ಪ್ರೊಸೆಸರ್‌ಗಳ ಪಿನ್ನುಗಳಿಗೆ ಚಿನ್ನದ ಲೇಪವಿರುವುದರಿಂದ ಅವನ್ನು ಕಿಲೋ ಲೆಕ್ಕದಲ್ಲಿ ಕೊಂಡು ಕರಗಿಸುವವರು ಬೇರೆಯೇ ಇದ್ದಾರೆ. 2025ರಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿ ದಾಟಿದ ಮೇಲೆ ಆ ಪ್ರೊಸೆಸರ್‌ಗಳ ಗುಜರಿ ಬೆಲೆಯೂ ಏರಿದೆ. ಇಷ್ಟನ್ನು ಒಪ್ಪಬಹುದು. ಒಪ್ಪಲಾಗದ ಕಾರಣ ಇನ್ನೊಂದಿದೆ: ಮಾಲೀಕರು ಮೊಬೈಲಿನಲ್ಲಿ ವಿದೇಶದ ಮಾರಾಟ ತಾಣ ತೆರೆದು, ಅದೇ ಮಾದರಿಗೆ ಅಲ್ಲಿ ಕೇಳಿರುವ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ತೋರಿಸುತ್ತಾರೆ. ಅದು ಮಾರುವವನು ಕೇಳಿದ ಬೆಲೆಯೇ ಹೊರತು ಯಾರೋ ಕೊಟ್ಟು ಕೊಂಡ ಬೆಲೆಯಲ್ಲ. ಅಲ್ಲದೆ ಅಂಥ ಬೆಲೆ ಕೇಳುವವರಲ್ಲಿ ಹಲವರು ಯಂತ್ರವನ್ನು ಚಾಲೂ ಮಾಡಿ, ಪರದೆಯ ಚಿತ್ರವನ್ನೂ ಹಾಕಿರುತ್ತಾರೆ.

ಪರೀಕ್ಷಿಸದ ಯಂತ್ರದಲ್ಲಿ ಏನೇನು ಕೆಟ್ಟಿರಬಹುದು ಎಂಬುದನ್ನು ಕೊಳ್ಳುವವರು ಮೊದಲೇ ತಿಳಿದಿರಬೇಕು. ಎಲ್ಲಕ್ಕಿಂತ ದೊಡ್ಡ ಶತ್ರು ಬ್ಯಾಟರಿ. 386 ಮತ್ತು 486 ಕಾಲದ ಬಹಳಷ್ಟು ಮದರ್‌ಬೋರ್ಡ್‌ಗಳಲ್ಲಿ (ಯಂತ್ರದ ಮುಖ್ಯ ಸರ್ಕ್ಯೂಟ್ ಬೋರ್ಡು) ದಿನಾಂಕ, ಸಮಯ ಮತ್ತು ಸೆಟ್ಟಿಂಗ್ ಉಳಿಸಿಕೊಳ್ಳಲು 3.6 ವೋಲ್ಟಿನ ಪುಟ್ಟ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಿದ್ದರು. ಮೂರು ದಶಕ ಕಳೆದ ಮೇಲೆ ಅದು ಸೋರದೆ ಉಳಿಯುವುದು ಅಪರೂಪ. ಸೋರಿದ ಕ್ಷಾರವು ತಾಮ್ರದ ಗೆರೆಗಳನ್ನು ತಿನ್ನುತ್ತದೆ, ಬೋರ್ಡಿನ ಪದರಗಳನ್ನು ಜೋಡಿಸುವ ಸಣ್ಣ ರಂಧ್ರಗಳೊಳಕ್ಕೆ ಇಳಿಯುತ್ತದೆ, ಸಾಮಾನ್ಯವಾಗಿ ಪಕ್ಕದಲ್ಲೇ ಇರುವ ಕೀಬೋರ್ಡ್ ಕನೆಕ್ಟರನ್ನೂ ಅದರ ಕಂಟ್ರೋಲರ್ ಚಿಪ್ಪಿನ ಸಾಕೆಟ್ಟನ್ನೂ ಹಾಳುಮಾಡುತ್ತದೆ. ಹಸಿರು-ನೀಲಿ ಬಣ್ಣದ ಪುಡಿ ಕಂಡರೆ ಹಾನಿ ಶುರುವಾಗಿದೆ ಎಂದೇ ಅರ್ಥ. ವಿನೆಗರ್ ಹಚ್ಚಿ ಕ್ಷಾರವನ್ನು ತಟಸ್ಥಗೊಳಿಸಿ, ತೊಳೆದು ಒಣಗಿಸಿ, ತುಂಡಾದ ಗೆರೆಗಳಿಗೆ ಕೂದಲೆಳೆಯಂಥ ತಂತಿ ಬೆಸೆಯುವುದು ಸಾಧ್ಯವಿದೆ. ಆದರೆ ಅದು ದಿನಗಟ್ಟಲೆ ಹಿಡಿಯುವ ಕೆಲಸ. ಅಷ್ಟಾದರೂ ಬೋರ್ಡು ಏಳುತ್ತದೆಂಬ ಭರವಸೆಯಿಲ್ಲ. ಇಂಥ ಬೋರ್ಡಿಗೆ ಪೂರ್ಣ ಬೆಲೆ ಕೇಳುವುದು ಅನ್ಯಾಯ.

ಎರಡನೆಯದು ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದಷ್ಟು ವೋಲ್ಟಿಗೆ ಇಳಿಸಿಕೊಡುವ ಪೆಟ್ಟಿಗೆ. ಅದರೊಳಗೆ ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ, ಬಿಸಿ ಪ್ರತಿ 10 ಡಿಗ್ರಿ ಏರಿದಾಗಲೂ ಸುಮಾರು ಅರ್ಧದಷ್ಟು ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಬಲ್ಲವರ ಸಾಮಾನ್ಯ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರಿನ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಬಿದ್ದ ಯಂತ್ರಗಳಿಗೆ ಈ ಲೆಕ್ಕ ಕಠೋರವಾಗಿಯೇ ಅನ್ವಯಿಸುತ್ತದೆ. ನಮ್ಮ ಒಣಹವೆಯಿಂದ ಒಂದು ಲಾಭವೂ ಇದೆ. ಕರಾವಳಿಯ ಯಂತ್ರಗಳಷ್ಟು ತುಕ್ಕು, ಬೂಸ್ಟು ಇಲ್ಲಿನವುಗಳಲ್ಲಿ ಕಾಣುವುದಿಲ್ಲ. ಸಂಡೂರು ಕಡೆಯ ಗಣಿ ಕಚೇರಿಗಳಿಂದ ಬಂದವುಗಳಲ್ಲಿ ಮಾತ್ರ ಫ್ಯಾನು, ಸ್ಲಾಟು, ಫ್ಲಾಪಿ ಡ್ರೈವಿನ ಹೆಡ್ಡು ಎಲ್ಲೆಡೆ ಕೆಂಪು ಧೂಳು ಪದರಗಟ್ಟಿರುತ್ತದೆ. ಹಿಂಬದಿಯ 115–230 ವೋಲ್ಟ್ ಸ್ವಿಚ್ಚನ್ನೂ ನೋಡಬೇಕು: ಅದು 115ರಲ್ಲಿದ್ದು ನಮ್ಮ 230 ವೋಲ್ಟಿಗೆ ಜೋಡಿಸಿದರೆ ಪವರ್ ಸಪ್ಲೈ ಆ ಕ್ಷಣವೇ ಸ್ಫೋಟಿಸಬಹುದು. ಪವರ್ ಸಪ್ಲೈಯಿಂದ ಬೋರ್ಡಿಗೆ ಹೋಗುವ ಪಿ8, ಪಿ9 ಎಂಬ ಜೋಡಿ ಕನೆಕ್ಟರುಗಳಲ್ಲಿ ಕಪ್ಪು ತಂತಿಗಳು ನಡುವೆ ಒಟ್ಟಿಗೆ ಬರಬೇಕು. ಅದಲುಬದಲಾದರೆ ಬೋರ್ಡೇ ಸುಟ್ಟುಹೋಗಬಹುದು.

ಅಂಗಡಿಯಲ್ಲಿ ಈಗಿರುವ ಅತ್ಯಂತ ಅಪರೂಪದ ವಸ್ತು ಒಂದು ಬಿಬಿಸಿ ಮೈಕ್ರೋ. ಬ್ರಿಟನ್ನಿನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದ ಈ ಯಂತ್ರವನ್ನು, ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು 1984ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕ್ಲಾಸ್ ಎಂಬ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಕೊಡಲಾಗಿತ್ತು. ಭಾರತದಲ್ಲಿ ಹಲವು ಮಕ್ಕಳು ಮೊದಲು ಮುಟ್ಟಿದ ಕಂಪ್ಯೂಟರ್ ಇದೇ. 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್, 32 ಕೆಬಿ ಮೆಮೊರಿ, ಇಂದಿಗೂ ಬೆರಳಿಗೆ ಹಿತವಾದ ಕೀಬೋರ್ಡು. ಅದನ್ನು ಕಂಡಾಗ ಸಂತೋಷದಿಂದ ನನಗೆ ಮಾತೇ ಹೊರಡಲಿಲ್ಲ. ಕೇಳಿದ ಬೆಲೆ 35,000, ಅದೂ ಚೆಕ್ ಮಾಡದೆ. ಇದರ ಪವರ್ ಸಪ್ಲೈನಲ್ಲಿ ಮೇನ್ಸಿಗೆ (ಗೋಡೆಯಿಂದ ಬರುವ ಕರೆಂಟಿಗೆ) ಅಡ್ಡಲಾಗಿ ಕೂರಿಸಿದ ಕಾಗದದ ಕೆಪಾಸಿಟರುಗಳ ಹೊದಿಕೆ ಕಾಲಾಂತರದಲ್ಲಿ ಬಿರುಕು ಬಿಟ್ಟು ತೇವ ಹೀರುತ್ತದೆ. ಕರೆಂಟು ಕೊಟ್ಟ ಸ್ವಲ್ಪ ಹೊತ್ತಿಗೆ ದಟ್ಟ ಹೊಗೆ ಏಳಬಹುದು. ಅಗ್ಗದ ಬಿಡಿಭಾಗ ಬದಲಿಸಿದರೆ ಸರಿಹೋಗುವ ದೋಷವಿದು, ಆದ್ದರಿಂದ ಮೊದಲು ಬದಲಿಸಿ ಆಮೇಲೆ ಸ್ವಿಚ್ ಹಾಕುವುದೇ ಸರಿ. ಆದರೆ ಒಳಗಿನ ವಿಶೇಷ ಚಿಪ್ಪುಗಳು, ಮುಖ್ಯವಾಗಿ ಬಿಸಿಯಾಗುವ ವಿಡಿಯೊ ಚಿಪ್ಪು, ಸತ್ತಿದ್ದರೆ ಬದಲಿ ಸಿಗುವುದು ಕಷ್ಟ. ಆ ಅಪಾಯವನ್ನು ಪೂರ್ತಿ ಕೊಳ್ಳುವವನ ತಲೆಗೆ ಕಟ್ಟಿ 35,000 ಕೇಳುವುದನ್ನು ನಾನು ಒಪ್ಪಲಿಲ್ಲ. ಯಂತ್ರ ನಡೆಯುವುದನ್ನು ತೋರಿಸಿದರೆ ಮಾತಾಡೋಣ ಎಂದು ಬಂದಿದ್ದೇನೆ.

ಬೆಲೆ ಕಟ್ಟುವಾಗ ಹಾರ್ಡ್ ಡಿಸ್ಕುಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ, ಕೆಟ್ಟಿವೆ ಎಂದೇ ತಿಳಿಯಿರಿ. ಪಿಕ್ಚರ್ ಟ್ಯೂಬಿನ ಮಾನಿಟರನ್ನು ಉರಿಸಿ ತೋರಿಸದೆ ಕೊಳ್ಳಲೇಬೇಡಿ, ಮನೆಯಲ್ಲಿ ಅದರ ಹಿಂಬದಿ ಬಿಚ್ಚಲೂ ಬೇಡಿ. ಒಳಗೆ ಸಾವಿರಾರು ವೋಲ್ಟು ಉಳಿದಿರಬಹುದು.

ಅಂಗಡಿಯವರ ದೊಡ್ಡ ಗುಣವೆಂದರೆ ಕ್ಯಾಬಿನೆಟ್ ಬಿಚ್ಚಿ ನೋಡಲು ಅಡ್ಡಿ ಮಾಡುವುದಿಲ್ಲ, ಕೇಳಿದರೆ ಬಿಲ್ಲೂ ಕೊಡುತ್ತಾರೆ. ಸೌಂಡ್ ಕಾರ್ಡು, 1.44 ಎಂಬಿ ಫ್ಲಾಪಿ ಡ್ರೈವು, ಹಳೆಯ ಕೀಬೋರ್ಡುಗಳ ಬೆಲೆ ಈಗಲೂ ನ್ಯಾಯವಾಗಿದೆ. ಅವನ್ನು ಧೈರ್ಯವಾಗಿ ಕೊಳ್ಳಬಹುದು. ಇಡೀ ಯಂತ್ರ ಬೇಕಾದವರು ಬೋರ್ಡು ಸತ್ತಿದೆ ಎಂದೇ ಭಾವಿಸಿ, ಉಳಿದ ಬಿಡಿಭಾಗಗಳ ಬೆಲೆಯಷ್ಟನ್ನೇ ಕೊಡಬೇಕು. ಸ್ಕ್ರೂಡ್ರೈವರ್, ಟಾರ್ಚು, ಮಲ್ಟಿಮೀಟರ್ ಜೊತೆಗೆ ಒಯ್ಯಿರಿ. ಅದೇ ಸಾಲಿನಲ್ಲಿರುವ ಟಿವಿ ರಿಪೇರಿಯವರ ಹತ್ತಿರ ಸೀರೀಸ್ ಬಲ್ಬಿನ ಬೋರ್ಡಿದೆ, ಅಂದರೆ ಕರೆಂಟನ್ನು ಒಂದು ಬಲ್ಬಿನ ಮೂಲಕ ಹಾಯಿಸಿ ಮಿತಿಯಲ್ಲಿಡುವ ಹಲಗೆ; 100 ರೂಪಾಯಿಗೆ ಪವರ್ ಸಪ್ಲೈ ಜೋಡಿಸಿ ನೋಡಿಕೊಡುತ್ತಾರೆ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಮುಂದಿನ ಪರೀಕ್ಷೆಗೆ ಹೋಗಬಹುದು, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆ. ಅಲ್ಲಿಗೆ ಒಯ್ಯಲು ಅಂಗಡಿಯವರು ಬೇಡವೆನ್ನುವುದಿಲ್ಲ. ಮಾರುವ ಮೊದಲು ಈ ಕೆಲಸವನ್ನು ತಾವೇ ಮಾಡಿಸಿ ಫಲಿತಾಂಶವನ್ನು ಚೀಟಿಯಲ್ಲಿ ಬರೆದು ಅಂಟಿಸಿದರೆ, 9,000 ಕೊಡಲು ನನ್ನಂಥವರು ಹಿಂಜರಿಯುವುದಿಲ್ಲ ಎಂದು ಅವರಿಗೂ ಹೇಳಿದ್ದೇನೆ.