ಪೆಲೆಟ್ ಒಲೆಯ ಜೊತೆ ಐದು ಚಳಿಗಾಲ

ನಾವಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ. ಜನವರಿ ರಾತ್ರಿಗಳಲ್ಲಿ ಮೈನಸ್ 15, ಕೆಲವೊಮ್ಮೆ ಮೈನಸ್ 20 ಡಿಗ್ರಿ. ಹಳೇ ಮರದ ಮನೆ. ಮನೆ ಬೆಚ್ಚಗಿಡುವ ಬಾಯ್ಲರ್‌ಗೆ ಎಣ್ಣೆ ಹಾಕಿಸಿ ಹಾಕಿಸಿ ಸಾಕಾಗಿ, ಐದು ವರ್ಷದ ಹಿಂದೆ ಪೆಲೆಟ್ ಒಲೆ ಹಾಕಿಸಿದೆವು.

ನೋಡದವರಿಗಾಗಿ ಎರಡು ಮಾತು. ಮರದ ಹೊಟ್ಟನ್ನು ಗಟ್ಟಿಯಾಗಿ ಒತ್ತಿ ಮಾಡಿದ, ಪೆನ್ಸಿಲ್ ದಪ್ಪದ ಗಿಡ್ಡ ತುಂಡುಗಳೇ ಪೆಲೆಟ್. ಒಲೆಯ ಮೇಲಿನ ಡಬ್ಬಕ್ಕೆ ಸುರಿದರೆ ಒಳಗಿನ ತಿರುಪು ಅವನ್ನು ಸ್ವಲ್ಪ ಸ್ವಲ್ಪವಾಗಿ ಬೆಂಕಿಯ ಬಟ್ಟಲಿಗೆ ಬೀಳಿಸುತ್ತದೆ. ಒಂದು ಫ್ಯಾನ್ ಬೆಂಕಿಗೆ ಗಾಳಿ ಎಳೆದು ಹೊಗೆಯನ್ನು ಹೊರಗೆ ತಳ್ಳುತ್ತದೆ. ಇನ್ನೊಂದು, ಕೋಣೆಯ ಗಾಳಿಯನ್ನು ಬಿಸಿ ಕೊಳವೆಗಳ ಮೇಲೆ ಹಾಯಿಸಿ ನಮ್ಮ ಕಡೆ ಊದುತ್ತದೆ.

ಮೊದಲ ಎರಡು ಚಳಿಗಾಲ ನಾನು ಈ ಒಲೆಯನ್ನು ಬೈದುಕೊಂಡೇ ಕಳೆದೆ. ಬೆಂಕಿ ಜೋರಾಗಿ ಕಾಣುತ್ತಿತ್ತು, ಮನೆ ಮಾತ್ರ ಕಾಯುತ್ತಿರಲಿಲ್ಲ. ಬಿಸಿ ಸಾಲದು ಅಂದಾಗಲೆಲ್ಲ ಪೆಲೆಟ್ ಜಾಸ್ತಿ ಮಾಡುತ್ತಿದ್ದೆ, ಎರಡನೇ ನಂಬರಿನಿಂದ ನಾಲ್ಕಕ್ಕೆ, ಐದಕ್ಕೆ. 40 ಪೌಂಡಿನ ಚೀಲಗಳು ದಿನಕ್ಕೆ ಎರಡರಂತೆ ಖಾಲಿಯಾದವು. ಒಂದು ಪೌಂಡ್ ಪೆಲೆಟ್‌ನಲ್ಲಿ ಸುಮಾರು 8,000 ಬಿಟಿಯು (ಶಾಖ ಅಳೆಯುವ ಒಂದು ಮಾನ) ಶಾಖ ಇರುತ್ತದೆ. ಅಷ್ಟೆಲ್ಲ ಸುಟ್ಟರೂ ಆ ಶಾಖ ಹೋಗುವುದಾದರೂ ಎಲ್ಲಿಗೆ?

ಉತ್ತರ ಸಿಕ್ಕಿದ್ದು ಒಂದು ಭಾನುವಾರ. ಒಲೆಯನ್ನು ಪೂರ್ತಿ ಆರಿಸಿ, ಪ್ಲಗ್ ಕಿತ್ತು, ಒಳಗಿನ ಹಿಂಬದಿ ತಗಡನ್ನು ಬಿಚ್ಚಿದೆ. ಟಾರ್ಚ್ ಬಿಟ್ಟು ನೋಡಿದರೆ ಕೊಳವೆಗಳೇ ಕಾಣಲಿಲ್ಲ. ವಿಭೂತಿಯಷ್ಟು ನುಣುಪಾದ ಬೂದಿ. ಬೆರಳಿಟ್ಟರೆ ಉಗುರು ಮುಳುಗಿತು. ಊರಲ್ಲಿ ಬಚ್ಚಲ ಹಂಡೆಗೆ ಮಸಿ ದಪ್ಪಗೆ ಕಟ್ಟಿದರೆ ಎಷ್ಟು ಸೌದೆ ತುಂಬಿದರೂ ನೀರು ಬೇಗ ಕಾಯುವುದಿಲ್ಲ, ಅಲ್ವಾ? ಇಲ್ಲಿ ಆಗಿದ್ದೂ ಅದೇ. ಬೂದಿ ಕಂಬಳಿಯ ಹಾಗೆ ಕೊಳವೆಯನ್ನು ಹೊದ್ದಿತ್ತು. ಶಾಖವೆಲ್ಲ ಹೊಗೆಯ ಜೊತೆ ಪೈಪಿನಲ್ಲಿ ಹೊರಗೆ ಹೋಗುತ್ತಿತ್ತು.

ಒಲೆ ಕೂರಿಸಿಕೊಟ್ಟವರು ಗಾಜು ಒರೆಸುವುದನ್ನು, ಬೂದಿ ತಟ್ಟೆ ಚೆಲ್ಲುವುದನ್ನು ಹೇಳಿಕೊಟ್ಟಿದ್ದರು. ಈ ತಗಡಿನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಎರಡು ವರ್ಷ ದುಡ್ಡು ಸುಟ್ಟ ಬೇಜಾರು ನನಗೆ ಇವತ್ತಿಗೂ ಇದೆ.

ಬ್ರಷ್‌ನಿಂದ ಉಜ್ಜಿ, ಬೂದಿಗೆಂದೇ ಬರುವ ವ್ಯಾಕ್ಯೂಮ್‌ನಿಂದ ಎಳೆದೆ. ಮನೆ ಗುಡಿಸುವ ವ್ಯಾಕ್ಯೂಮ್ ಇದಕ್ಕೆ ಬೇಡವೇ ಬೇಡ, ಒಂದು ಕೆಂಡ ಉಳಿದಿದ್ದರೂ ಒಳಗೇ ಬೆಂಕಿ ಹತ್ತುತ್ತದೆ. ಮತ್ತೆ ಹೊತ್ತಿಸಿ, ಗಾಳಿ ಬರುವ ಬಾಯಿಗೆ ಅಡುಗೆಮನೆಯ ಥರ್ಮಾಮೀಟರ್ ಹಿಡಿದೆ. ಹಿಂದಿನ ದಿನ ಮೂರನೇ ನಂಬರಿನಲ್ಲಿ 62 ಡಿಗ್ರಿ ಇದ್ದದ್ದು ಈಗ ಅದೇ ನಂಬರಿನಲ್ಲಿ 80 ದಾಟಿತು. ಅವತ್ತಿನಿಂದ ದಿನಾ ಬೆಳಿಗ್ಗೆ ಬಟ್ಟಲು ಕೆರೆಯುತ್ತೇನೆ. ತಳದ ತೂತುಗಳಲ್ಲಿ ಗಟ್ಟಿಯಾಗಿ ಕೂತ ಬೂದಿಯನ್ನು ಮೊಳೆಯಿಂದ ಚುಚ್ಚಿ ಬಿಡಿಸುತ್ತೇನೆ. ಎರಡು ವಾರಕ್ಕೊಮ್ಮೆ ಹಿಂದಿನ ತಗಡು ಬಿಚ್ಚುತ್ತೇನೆ. ಹೊಗೆ ಪೈಪನ್ನು ವರ್ಷಕ್ಕೆರಡು ಸಲ ಬ್ರಷ್ ಹಾಕಿ ಉಜ್ಜುತ್ತೇನೆ.

ಇನ್ನೊಂದು, ಜ್ವಾಲೆಯನ್ನು ನೋಡುವುದು. ಉದ್ದಕ್ಕೆ, ಕಿತ್ತಳೆ ಬಣ್ಣಕ್ಕೆ, ತುದಿ ಕಪ್ಪಾಗಿ ತೂಗಾಡುತ್ತಿದ್ದರೆ ಬೆಂಕಿಗೆ ಗಾಳಿ ಸಾಲುತ್ತಿಲ್ಲ. ಗಿಡ್ಡಗೆ, ಹಳದಿ ಬೆಳ್ಳಗೆ, ಚುರುಕಾಗಿ ಕುಣಿಯುತ್ತಿದ್ದರೆ ಸರಿ. ಗಾಳಿಯನ್ನು ಅತಿ ಮಾಡಿದರೂ ಕಷ್ಟವೇ, ಶಾಖ ಪೈಪಿಗೆ ಓಡುತ್ತದೆ. ಬಾಗಿಲಿನ ಸಂದಿ ಮುಚ್ಚುವ ಹಗ್ಗದಂಥ ಗ್ಯಾಸ್ಕೆಟ್ ಸವೆದರೆ ಗಾಳಿ ಬೇಡದ ಕಡೆಯಿಂದ ನುಗ್ಗುತ್ತದೆ. ಒಲೆ ತಣ್ಣಗಿರುವಾಗ ಬಾಗಿಲಿಗೆ ಒಂದು ಡಾಲರ್ ನೋಟು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಗ್ಯಾಸ್ಕೆಟ್ ಬದಲಿಸಬೇಕು. ನಾನು ಮೂರನೇ ವರ್ಷ ಬದಲಿಸಿದೆ.

ಪೆಲೆಟ್ ವಿಷಯದಲ್ಲಿ ಅಗ್ಗದ್ದು ಕೊನೆಗೆ ದುಬಾರಿಯೇ. ಚೀಲದ ತಳದಲ್ಲಿ ಹೊಟ್ಟು ಜಾಸ್ತಿ ಇದ್ದರೆ ಬೂದಿ ಜಾಸ್ತಿ, ಶಾಖ ಕಮ್ಮಿ. ನೀರು ತಾಗಿದರೆ ಉಬ್ಬಿ ಮತ್ತೆ ಹೊಟ್ಟೇ ಆಗಿಬಿಡುತ್ತದೆ. ಟನ್ನಿಗೆ ಐವತ್ತು ಚೀಲ. ಅಷ್ಟಕ್ಕೂ ಒಣ ಜಾಗ ಇದ್ದರೆ ಮಾತ್ರ ಒಟ್ಟಿಗೆ ತರಿಸಿ.

ನನಗೆ ತುಂಬ ಖುಷಿ ಕೊಟ್ಟದ್ದು ಮಾತ್ರ ಒಂದು ಸಣ್ಣ ಟೇಬಲ್ ಫ್ಯಾನ್. ಅಮ್ಮ ಸಾಗರದಿಂದ ಬಂದಾಗ ಹಿಂದಿನ ಕೋಣೆಯಲ್ಲಿ ಮಲಗುತ್ತಾರೆ. ಅಲ್ಲಿ 15 ಡಿಗ್ರಿ ಮೇಲೇರುತ್ತಲೇ ಇರಲಿಲ್ಲ. ಶಾಲು, ಸ್ವೆಟರ್, ಕಾಲುಚೀಲ ಎಲ್ಲ ಹಾಕಿಯೂ ನಡುಗುತ್ತಿದ್ದರು. ಒಲೆಯ ಹತ್ತಿರದ ಬಿಸಿಗಾಳಿಯನ್ನು ಆ ಕಡೆ ತಳ್ಳಲು ಎಷ್ಟು ಒದ್ದಾಡಿದರೂ ಆಗಲಿಲ್ಲ. ಆಮೇಲೆ ಫ್ಯಾನನ್ನು ಅಮ್ಮನ ಕೋಣೆಯ ಬಾಗಿಲಲ್ಲೇ ನೆಲದ ಮೇಲಿಟ್ಟು, ಒಲೆಯ ಕಡೆಗೆ ತಿರುಗಿಸಿದೆ. ತಣ್ಣನೆ ಗಾಳಿ ಭಾರ, ನೆಲದಲ್ಲೇ ಇರುತ್ತದೆ. ಅದನ್ನು ಕೋಣೆಯಿಂದ ಹೊರಗೆ ನೂಕಿದರೆ, ಆ ಜಾಗ ತುಂಬಲು ಬಿಸಿಗಾಳಿ ಬಾಗಿಲ ಮೇಲ್ಭಾಗದಿಂದ ತಾನೇ ಒಳಗೆ ಬರುತ್ತದೆ. ಬಾಗಿಲ ಚೌಕಟ್ಟಿನ ಮೇಲೆ ಒಂದು ಟಿಶ್ಯೂ ಕಾಗದ ಅಂಟಿಸಿದೆ. ಅದು ಮೆಲ್ಲಗೆ ಕೋಣೆಯೊಳಗೆ ವಾಲಿ ನಿಂತಿತು. ಎರಡು ಗಂಟೆಯಲ್ಲಿ 19 ಡಿಗ್ರಿ. ಅಮ್ಮ ಶಾಲು ತೆಗೆದಿಟ್ಟರು.

ಕೊರತೆಗಳೂ ಇವೆ. ಫ್ಯಾನಿನ ಸದ್ದು ಸದಾ ಇರುತ್ತದೆ. ಕರೆಂಟ್ ಹೋದರೆ ಒಲೆ ನಿಂತೇ ಹೋಗುತ್ತದೆ, ಅದೂ ಹಿಮದ ಬಿರುಗಾಳಿಯ ರಾತ್ರಿಯೇ. ಅದಕ್ಕಾಗಿ ಬ್ಯಾಟರಿ ಬ್ಯಾಕಪ್ ಇಟ್ಟುಕೊಂಡೆ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಸೋರಿದರೆ ಕೂಗುವ ಅಲಾರಂ ಇಲ್ಲದೆ ಯಾರೂ ಈ ಒಲೆ ಹೊತ್ತಿಸಬೇಡಿ.

ಈಗ ಎರಡನೇ ನಂಬರಿನಲ್ಲೇ ಮನೆ 21 ಡಿಗ್ರಿ ಇರುತ್ತದೆ, ಸಾಮಾನ್ಯ ದಿನಕ್ಕೆ ಒಂದೇ ಚೀಲ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ದಿನಾ ಹತ್ತು ನಿಮಿಷ ಬೂದಿ ಕೆರೆಯುವ ತಾಳ್ಮೆ ಇಲ್ಲದಿದ್ದರೆ ತೆಗೆದುಕೊಳ್ಳಬೇಡಿ.