ಹದಿಹರೆಯದವರ ಕೂಟಕ್ಕೆ ಯೂವರ್ಷನ್ ಬೈಬಲ್ ಆ್ಯಪ್

ಅಮೆರಿಕದ ಲೈಫ್ ಚರ್ಚ್ 2008ರಲ್ಲಿ ಹೊರತಂದ ಈ ಆ್ಯಪ್‌ಗೆ ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವೂ ಇಲ್ಲ. ಕನ್ನಡದ ಹಳೆಯ ಭಾಷಾಂತರದ ಜೊತೆಗೆ ಸರಳ ಕನ್ನಡದ್ದೂ ಇದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಸರಳದ್ದನ್ನೇ ಕೊಡಿ.

ಯೌವನಸ್ಥರ ಕೂಟ ನಡೆಸುವವರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಗೆಳೆಯರೊಂದಿಗೆ ಸೇರಿ ಓದುವ ಸೌಲಭ್ಯ. ಓದುವ ಯೋಜನೆ (ದಿನಕ್ಕಿಷ್ಟು ಎಂದು ಹಂಚಿಟ್ಟ ಓದು) ಆರಿಸಿ, ಆರಂಭದ ದಿನ ಗೊತ್ತುಮಾಡಿ, ಲಿಂಕ್ ಕಳಿಸಿದರೆ ಆಯಿತು. ಪ್ರತಿದಿನದ ಓದಿನ ಕೊನೆಗೆ ಎಲ್ಲರೂ ಬರೆಯುವ ಜಾಗವಿದೆ. ಅಲ್ಲಿ "ಏನು ಕಲಿತಿರಿ?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ. ಅದರ ಬದಲು, ಮಾರ್ಕನ ಸುವಾರ್ತೆಯ 4ನೇ ಅಧ್ಯಾಯ ಓದಿದ ದಿನ, "ಬಿರುಗಾಳಿಯಲ್ಲಿ ಯೇಸು ಮಲಗಿದ್ದಾಗ ನೀನು ಆ ದೋಣಿಯಲ್ಲಿದ್ದರೆ ಏನು ಅನ್ನುತ್ತಿದ್ದೆ?" ಎಂದು ಕೇಳಿ, ನಾಚುವವರೂ ಬರೆಯುತ್ತಾರೆ.

ಐದಾರು ಮಕ್ಕಳ ಗುಂಪು, ಏಳು ದಿನದ ಯೋಜನೆ ಸಾಕು. ಮೂವತ್ತು ದಿನದ್ದು ಪರೀಕ್ಷೆ, ಟ್ಯೂಷನ್ ನಡುವೆ ನಿಂತುಹೋಗುತ್ತದೆ. ಬಾಕಿ ಉಳಿದ ದಿನಗಳನ್ನು ಕಂಡು ಮಕ್ಕಳು ಕೈಬಿಡುತ್ತಾರೆ. ತಪ್ಪಿದ ದಿನಗಳದ್ದನ್ನು ಆಮೇಲೆ ಓದಬಹುದೆಂದು ಮೊದಲ ದಿನವೇ ಹೇಳಿಬಿಡಿ.

ಕೊರತೆಯೂ ಉಂಟು: ಇಂಗ್ಲಿಷ್‌ಗೆ ಹೋಲಿಸಿದರೆ ಕನ್ನಡದ ಯೋಜನೆಗಳು ತೀರಾ ಕಡಿಮೆ. ಕೆಲವು ಭಾಷಾಂತರಗಳು ನೆಟ್ ಇಲ್ಲದೆ ತೆರೆಯುವುದಿಲ್ಲ. ಶಿಬಿರಕ್ಕೆ ಮುದ್ರಿತ ಸತ್ಯವೇದವೇ (ಬೈಬಲ್) ಇರಲಿ. ಮಕ್ಕಳನ್ನು ಸೇರಿಸುವ ಮುಂಚೆ ಮನೆಯವರ ಒಪ್ಪಿಗೆ ಪಡೆಯಿರಿ, ಪ್ರತಿ ಗುಂಪಿನಲ್ಲೂ ಹಿರಿಯರು ಇಬ್ಬರಿರಲೇಬೇಕು.