ಜೋಡಿ ಎಕ್ಕ ಬಂದಾಗ ಸೀಫಿಯಸ್ ಏನು ಮಾಡುತ್ತದೆ: ಒಂದು ಪೋಕರ್ ಪ್ರೋಗ್ರಾಂನ ವಿಮರ್ಶೆ

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರ ಜನವರಿಯಲ್ಲಿ ಹೊರತಂದ ಸೀಫಿಯಸ್ ಎಂಬ ಪ್ರೋಗ್ರಾಂ ಇಬ್ಬರ ನಡುವಿನ ಲಿಮಿಟ್ ಹೋಲ್ಡೆಮ್ ಪೋಕರನ್ನು (ಕೈಯಲ್ಲಿ ಎರಡೆರಡು ಎಲೆ, ಮೇಜಿನ ಮೇಲೆ ಇಬ್ಬರಿಗೂ ಸೇರಿದ ಐದು ಎಲೆಗಳಿರುವ, ಪಣದ ಮೊತ್ತ ನಿಗದಿಯಾಗಿರುವ ಆಟ) ಮಾತ್ರ ಆಡುತ್ತದೆ. ಅದರ ಜಾಲತಾಣದಲ್ಲಿ ಎರಡು ಅನುಕೂಲಗಳಿದ್ದವು: ಪ್ರೋಗ್ರಾಂನ ಎದುರು ಕುಳಿತು ಆಡಬಹುದಿತ್ತು, ಇಲ್ಲವೆ ಇಂಥ ಎಲೆಗಳಿಗೆ ಇಂಥ ಸನ್ನಿವೇಶದಲ್ಲಿ ಅದು ಏನು ಮಾಡುತ್ತದೆ ಎಂದು ನೇರವಾಗಿ ಕೇಳಿ ನೋಡಬಹುದಿತ್ತು. ಆಡಿ ಸೋತದ್ದಕ್ಕಿಂತ ಕೇಳಿ ನೋಡಿದ್ದರಿಂದಲೇ ನನಗೆ ಹೆಚ್ಚು ಲಾಭವಾಯಿತು. ಬಲವಾದ ಎಲೆ ಬಂದಾಗ ಎಷ್ಟು ಜೋರಾಗಿ ಆಡಬೇಕು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಅದನ್ನು ಬಳಸಿದೆನಾದ್ದರಿಂದ, ಈ ವಿಮರ್ಶೆಯೂ ಆ ಪ್ರಶ್ನೆಯ ಸುತ್ತಲೇ ಇದೆ.

ಮೂರೆಲೆ ಆಡಿ ಬೆಳೆದು ಪೋಕರ್‌ಗೆ ಬಂದವರಲ್ಲಿ ಒಂದು ಚಾಳಿ ಉಳಿದಿರುತ್ತದೆ, ನನ್ನಲ್ಲೂ ಇತ್ತು. ಒಳ್ಳೆಯ ಎಲೆ ಬಿದ್ದ ಕೂಡಲೇ ಮುಖ ಸಪ್ಪಗೆ ಮಾಡಿಕೊಂಡು, ಎದುರಿನವರು ಹಾಕಿದಷ್ಟನ್ನೇ ಹಾಕುತ್ತಾ, ಕೊನೆಯಲ್ಲಿ ಒಂದೇ ಏಟಿಗೆ ಎಲ್ಲವನ್ನೂ ಬಾಚಿಕೊಳ್ಳುವ ಆಸೆ ಅದು. ಪಣಕ್ಕೆ ಮಿತಿಯಿಲ್ಲದ ಆಟದಲ್ಲಿ ಈ ಆಸೆ ಕೆಲವೊಮ್ಮೆ ಫಲಿಸೀತು. ಲಿಮಿಟ್ ಆಟದಲ್ಲಿ ಆ ಕೊನೆಯ ಏಟು ಎಂಬುದೇ ಇಲ್ಲ. ಹತ್ತು-ಇಪ್ಪತ್ತು ರೂಪಾಯಿಯ ಆಟವೆಂದರೆ ಮೊದಲ ಎರಡು ಸುತ್ತುಗಳಲ್ಲಿ ಪ್ರತಿ ಪಣವೂ ಹತ್ತು ರೂಪಾಯಿ, ಮುಂದಿನ ಎರಡು ಸುತ್ತುಗಳಲ್ಲಿ ಇಪ್ಪತ್ತು ರೂಪಾಯಿ, ಮತ್ತು ಯಾವ ಸುತ್ತಿನಲ್ಲಿಯೂ ನಾಲ್ಕು ಪಣಗಳನ್ನು ಮೀರಿ ಏರಿಸುವಂತಿಲ್ಲ. ಒಂದು ಸುತ್ತಿನಲ್ಲಿ ಹಾಕದೆ ಬಿಟ್ಟ ಹಣವನ್ನು ಮುಂದಿನ ಸುತ್ತಿನಲ್ಲಿ ಸೇರಿಸಿ ಕೇಳುವ ದಾರಿ ಇಲ್ಲದಿರುವುದರಿಂದ, ಬಚ್ಚಿಟ್ಟ ಎಕ್ಕದ ಬೆಲೆ ಬಚ್ಚಿಟ್ಟವರ ಜೇಬಿನಿಂದಲೇ ಹೋಗುತ್ತದೆ.

ಒಂದು ಲೆಕ್ಕ ನೋಡೋಣ. ನನ್ನ ಕೈಯಲ್ಲಿ ಇಸ್ಪೀಟು ಎಕ್ಕ ಮತ್ತು ಕಳಾವರ್ ಎಕ್ಕ, ಎದುರಾಳಿಯ ಕೈಯಲ್ಲಿ ಎರಡು ಆಟಿನ್ ಎಲೆಗಳು. ಮೇಜಿನ ಮೇಲೆ ಬಿದ್ದಿರುವ ನಾಲ್ಕರಲ್ಲಿ ಎರಡು ಆಟಿನ್. ಉಳಿದ 44 ಎಲೆಗಳಲ್ಲಿ ಐದನೆಯ ಆಟಿನ್ ಆಗಬಲ್ಲ 9 ಎಲೆಗಳು ಮಾತ್ರ ಅವನನ್ನು ಗೆಲ್ಲಿಸುತ್ತವೆ ಎಂದಿಟ್ಟುಕೊಳ್ಳಿ. ಪಾಟ್‌ನಲ್ಲಿ (ನಡುವಿನ ಪಣದ ರಾಶಿಯಲ್ಲಿ) ಆಗಲೇ ನೂರು ರೂಪಾಯಿ ಇದ್ದು ನಾನು ಇಪ್ಪತ್ತು ಹಾಕಿದರೆ, ಅವನು ಇಪ್ಪತ್ತು ಕೊಟ್ಟು ನೂರಿಪ್ಪತ್ತಕ್ಕೆ ಆಸೆಪಡುತ್ತಾನೆ. ಅವನ ಸೋಲು-ಗೆಲುವಿನ ಅನುಪಾತ 35ಕ್ಕೆ 9 ಆಗಿರುವುದರಿಂದ ಅವನು ಕಾಲ್ ಮಾಡುವುದೇ (ಅಷ್ಟೇ ಹಣ ಹಾಕಿ ಆಟದಲ್ಲಿ ಉಳಿಯುವುದೇ) ಸರಿ. ನನ್ನ ಪಣ ಅವನನ್ನು ಓಡಿಸಲಾರದು. ಆದರೂ ಇಬ್ಬರೂ ಹೊಸದಾಗಿ ಹಾಕಿದ ನಲವತ್ತು ರೂಪಾಯಿಗಳಲ್ಲಿ ಸರಾಸರಿಯಾಗಿ ಅವನಿಗೆ ಮರಳುವುದು ಎಂಟು ರೂಪಾಯಿ ಚಿಲ್ಲರೆ ಮಾತ್ರ. ಹೆಚ್ಚುಕಡಿಮೆ ಹನ್ನೆರಡು ರೂಪಾಯಿ ನನ್ನ ಕಡೆಗೆ ಬರುತ್ತದೆ. ಅವನು ಉಳಿದದ್ದೂ ಸರಿ, ನಾನು ಹಾಕಿದ್ದೂ ಸರಿ. ಲಿಮಿಟ್ ಆಟದಲ್ಲಿ ಬಲವಾದ ಎಲೆಯಿಂದ ಪಣ ಏರಿಸುವುದು ಎದುರಾಳಿಯನ್ನು ಬೆದರಿಸಲಿಕ್ಕಲ್ಲ, ಅವನ ಆಸೆಗೆ ಬಾಡಿಗೆ ವಸೂಲಿ ಮಾಡಲಿಕ್ಕೆ ಎಂಬುದು ಈ ಲೆಕ್ಕದಿಂದಲೇ ನನಗೆ ಮನದಟ್ಟಾದದ್ದು.

ಸೀಫಿಯಸ್‌ನ ಆಟ ಬಹುಪಾಲು ಇದನ್ನೇ ತೋರಿಸುತ್ತದೆ. ಇಬ್ಬರ ಆಟದಲ್ಲಿ ಡೀಲರ್ ಮೊದಲ ಸುತ್ತಿನಲ್ಲಿ ಮೊದಲು ನಡೆದು, ನಂತರದ ಸುತ್ತುಗಳಲ್ಲಿ ಕೊನೆಗೆ ನಡೆಯುತ್ತಾನೆ. ಡೀಲರ್ ಆಗಿದ್ದಾಗ ಸೀಫಿಯಸ್ ಮೊದಲ ನಡೆಯಲ್ಲಿ ಏರಿಸುತ್ತದೆ ಅಥವಾ ಎಲೆ ಕೆಳಗಿಡುತ್ತದೆ. ಸುಮ್ಮನೆ ಕಾಲ್ ಮಾಡುವುದು ಶೇಕಡಾ 0.06ರಷ್ಟು ಸಲ ಮಾತ್ರ. ಡೀಲರ್ ಅಲ್ಲದಿದ್ದಾಗ ಮೂರರ ಜೋಡಿ, ನಾಲ್ಕರ ಜೋಡಿಯಂಥ ಚಿಕ್ಕ ಜೋಡಿಗಳಿಂದಲೂ, ನುರಿತ ಮನುಷ್ಯರಿಗಿಂತ ಹೆಚ್ಚು ಧೈರ್ಯದಿಂದ, ಮರಳಿ ಏರಿಸುತ್ತದೆ. ನಾನು ಹಿಂಜರಿಯುತ್ತಿದ್ದ ಅದೆಷ್ಟೋ ಕಡೆ ಅದು ಹಿಂಜರಿಯಲಿಲ್ಲ.

ಇಷ್ಟೇ ಆಗಿದ್ದರೆ ವಿಶೇಷವೇನೂ ಇರುತ್ತಿರಲಿಲ್ಲ. ನನ್ನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದ್ದು ಒಂದೇ ಒಂದು ಸನ್ನಿವೇಶ. ಡೀಲರ್ ಏರಿಸಿದ್ದಾನೆ, ಎದುರಿನವನು ಮರಳಿ ಏರಿಸಿದ್ದಾನೆ, ಈಗ (ಆರಂಭದ ಕಡ್ಡಾಯ ಪಣವೂ ಒಂದೆಂದು ಲೆಕ್ಕ) ನಾಲ್ಕನೆಯ ಹಾಗೂ ಕೊನೆಯ ಪಣಕ್ಕೆ ಏರಿಸುವ ಅವಕಾಶ ಡೀಲರ್‌ನದು, ಕೈಯಲ್ಲಿ ಜೋಡಿ ಎಕ್ಕ. ಮೇಲಿನ ಲೆಕ್ಕದ ಪ್ರಕಾರ ಏರಿಸಲೇಬೇಕು ಎಂದು ಯಾರಾದರೂ ಹೇಳಿಯಾರು. ಸೀಫಿಯಸ್ ಶೇಕಡಾ 0.01ಕ್ಕಿಂತಲೂ ಕಡಿಮೆ ಸಲ ಏರಿಸುತ್ತದೆ. ಉಳಿದಂತೆ ಸುಮ್ಮನೆ ಕಾಲ್ ಮಾಡುತ್ತದೆ. ಆ ಜಾಗದಲ್ಲಿ ಅದು ಅತಿ ಹೆಚ್ಚು ಸಲ ಏರಿಸುವ ಕೈ ಎಂದರೆ ಎರಡರ ಜೋಡಿ, ಅದೂ ಶೇಕಡಾ 0.06ರಷ್ಟು ಮಾತ್ರ!

ಪ್ರೋಗ್ರಾಂ ಇದಕ್ಕೆ ಕಾರಣ ಹೇಳುವುದಿಲ್ಲ. ನಾನು ಅರ್ಥಮಾಡಿಕೊಂಡದ್ದು ಹೀಗೆ: ಅಲ್ಲಿ ಬಿಟ್ಟುಕೊಡುವುದು ಒಂದೇ ಒಂದು ಚಿಕ್ಕ ಪಣ, ಮತ್ತು ಮುಂದಿನ ಮೂರೂ ಸುತ್ತುಗಳಲ್ಲಿ ಡೀಲರ್‌ಗೆ ಕೊನೆಯ ನಡೆಯ ಅನುಕೂಲವಿದೆ. ದೊಡ್ಡ ಎಲೆಗಳಿಂದ ಮಾತ್ರ ನಾಲ್ಕನೆಯ ಪಣಕ್ಕೆ ಹೋದರೆ ಅವು ಯಾವುವೆಂದು ಎದುರಾಳಿಗೆ ಗೊತ್ತಾಗಿಬಿಡುತ್ತದೆ. ದೊಡ್ಡವು ಇಲ್ಲದ ಕಾಲ್ ಕೂಡ ಬಡವಾಗಿ ಕಾಣುತ್ತದೆ. ಎಕ್ಕದಿಂದ ಹಿಡಿದು ಎಲ್ಲವೂ ಒಂದೇ ಕಾಲ್‌ನ ಹಿಂದೆ ನಿಂತರೆ, ಪಣ ಇಮ್ಮಡಿಯಾಗುವ ಮೂರನೆಯ ಸುತ್ತಿನಲ್ಲಿ ಏರಿಸಿ ವಸೂಲಿ ಮಾಡಬಹುದು. ನನ್ನ ಹಳೆಯ ಚಾಳಿಗೆ ಇದು ಸಮರ್ಥನೆಯಲ್ಲ. ಸೀಫಿಯಸ್ ಎರಡು ಸಲ ಏರಿಕೆ ನಡೆದು ಪಾಟ್ ಬೆಳೆದ ಮೇಲೆ ತಡೆಯುತ್ತಿತ್ತು, ನಾನು ಮೊದಲ ನಡೆಯಲ್ಲೇ ಬಚ್ಚಿಡುತ್ತಿದ್ದೆ.

ಇದನ್ನು ಏಕೆ ನಂಬಬೇಕು ಎಂದು ಕೇಳುವವರಿಗೆ ಎರಡು ಮಾತು. ಇದೇ ವಿಶ್ವವಿದ್ಯಾಲಯದ ಹಿಂದಿನ ಪ್ರೋಗ್ರಾಂ ಪೋಲಾರಿಸ್, ಅಂದರೆ ನಮ್ಮ ಧ್ರುವ ನಕ್ಷತ್ರ, 2007ರಲ್ಲಿ ವೃತ್ತಿಪರ ಆಟಗಾರರಾದ ಫಿಲ್ ಲಾಕ್ ಮತ್ತು ಅಲಿ ಎಸ್ಲಾಮಿ ಎದುರು ಅಲ್ಪದರಲ್ಲಿ ಸೋತು, 2008ರಲ್ಲಿ ಲಾಸ್ ವೇಗಸ್‌ನಲ್ಲಿ ವೃತ್ತಿಪರರನ್ನು ಸೋಲಿಸಿತ್ತು. ಸೀಫಿಯಸ್ ಅದಕ್ಕಿಂತ ಬೇರೆ ದರ್ಜೆಯದು: ಮೈಕೆಲ್ ಬೌಲಿಂಗ್ ಮತ್ತು ಸಂಗಡಿಗರು 4,800 ಪ್ರೊಸೆಸರ್‌ಗಳನ್ನು 68 ದಿನ ದುಡಿಸಿ, ಅದು ತನ್ನೊಡನೆ ತಾನೇ ಆಡಿಕೊಂಡು ತಪ್ಪು ತಿದ್ದಿಕೊಳ್ಳುವಂತೆ ಮಾಡಿದರು. ದಿನಕ್ಕೆ 12 ಗಂಟೆ, ಗಂಟೆಗೆ 200 ಆಟದಂತೆ 70 ವರ್ಷ ಬಿಡದೆ ಆಡಿದರೂ, ಅದರಲ್ಲಿ ಉಳಿದಿರುವ ಕೊರತೆಯನ್ನು ಅದೃಷ್ಟದ ಏರಿಳಿತದಿಂದ ಬೇರ್ಪಡಿಸಿ ತೋರಿಸುವುದು ಸಾಧ್ಯವಾಗದು.

ಕೊರತೆಗಳು ಅದರ ಗುರಿಯಲ್ಲೇ ಇವೆ. ಒಂಬತ್ತು ಜನ ಕುಳಿತ ಮೇಜಿಗೆ ಅದರ ಉತ್ತರಗಳು ಹೊಂದುವುದಿಲ್ಲ; ಅಲ್ಲಿ ನಾಲ್ಕಾರು ಜನ ಬರಿದೆ ಕಾಲ್ ಮಾಡುತ್ತಾ ಕೂತಿರುವಾಗ ಜೋಡಿ ಎಕ್ಕದಿಂದ ನಾಲ್ಕನೆಯ ಪಣಕ್ಕೆ ಏರಿಸದಿರುವುದು ನನ್ನ ಮಟ್ಟಿಗೆ ಮೂರ್ಖತನ. ಎದುರಾಳಿ ದಡ್ಡನೆಂದು ತಿಳಿದರೂ ಅದು ತನ್ನ ಆಟ ಬದಲಿಸುವುದಿಲ್ಲ. ಲಿಮಿಟ್‌ನ ನಿಯಮಗಳನ್ನೇ ಅರಿಯದವರಿಗೆ ಶೇಕಡಾವಾರು ಅಂಕಿಗಳು ಬರಿಯ ಅಂಕಿಗಳಾಗಿಯೇ ಉಳಿದಾವು.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ನಿಷೇಧಿಸಿದ ಮೇಲೆ, ದುಡ್ಡಿನ ಸೋಂಕಿಲ್ಲದ ಇಂಥ ಸಾಧನ ನಮ್ಮ ಕಡೆಯ ಆಸಕ್ತರಿಗೆ ಇನ್ನಷ್ಟು ಹತ್ತಿರದ್ದು. ಆ ಜಾಲತಾಣ ಈಗಲೂ ಸಿಕ್ಕರೆ, ಬಳಸುವವರು ಮೊದಲು ಎದುರು ಕುಳಿತು ಐವತ್ತು ಆಟ ಆಡಿ, ತಾವು ಏರಿಸದೆ ಬಿಟ್ಟ ಕೈಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಆಮೇಲೆ ಅವನ್ನೇ ಒಂದೊಂದಾಗಿ ಕೇಳಿ ನೋಡುವುದು ಒಳ್ಳೆಯದು. ನನ್ನ ಮೊದಲ ಪಟ್ಟಿಯಲ್ಲಿ ಹದಿನೇಳು ಕೈಗಳಿದ್ದವು. ಅವುಗಳಲ್ಲಿ ಹದಿನಾಲ್ಕಕ್ಕೆ ಅದು ಏರಿಸು ಎಂದಿತು.